ಬಾರದವರ ಪಾಲು

ನಮ್ಮ ಕರಾವಳಿಯಲ್ಲಿ ‘ಪ್ರಸಂಗ’ ಎಂಬ ಮಾತಿಗೆ ಎರಡು ಮನೆ. ಯಕ್ಷಗಾನದವರಿಗೆ ಅದು ಆ ರಾತ್ರಿ ಆಡುವ ಕಥೆ. ಪ್ರಾಟೆಸ್ಟೆಂಟ್ ಕ್ರೈಸ್ತರಿಗೆ ಅದು ಭಾನುವಾರದ ಆರಾಧನೆಯಲ್ಲಿ ಸಭಾಪಾಲಕರು ಬೈಬಲ್ಲಿನ ಒಂದು ಭಾಗ ಹಿಡಿದು ಮಾಡುವ ಉಪದೇಶ. ಕೊಂಕಣಿ ಮಾತಾಡುವ ಕಥೊಲಿಕರು ಇದನ್ನೇ ‘ಶೆರ್ಮಾಂವ್’ ಎನ್ನುತ್ತಾರೆ. ಪೋರ್ಚುಗೀಸರಿಂದ ಬಂದ ಪದ ಅದು. ಯಕ್ಷಗಾನದ ಕಥೆಯನ್ನು ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆ ಮುಗಿದ ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಕೂತವರು, ಪಾತ್ರವಾಗಿ ಮಾತಾಡಿದ ಅರ್ಥಧಾರಿಯನ್ನು ಸುಮ್ಮನೆ ಬಿಡುವುದಿಲ್ಲ. ಪದ್ಯದಲ್ಲಿ ಇಲ್ಲದ್ದನ್ನು ಹೇಳಿದರೆ, ಎದುರು ಪಾತ್ರದ ಪ್ರಶ್ನೆಗೆ ಉತ್ತರ ಕೊಡದೆ ಜಾರಿಕೊಂಡರೆ, ಕರ್ಣನ ಬಾಯಲ್ಲಿ ತಮ್ಮ ಪಾಂಡಿತ್ಯ ತುರುಕಿದರೆ, ಎಲ್ಲವೂ ತೂಕಕ್ಕೆ ಬರುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ದೊಡ್ಡವರ ಅರ್ಥವನ್ನೂ ತೂಗಿದ ಜನ ನಾವು. ಚರ್ಚಿನ ಪ್ರಸಂಗಕ್ಕೆ ಮಾತ್ರ ಇಂಥ ಕೇಳುಗರು ಸಿಗುವುದಿಲ್ಲ. ಬಾಗಿಲಲ್ಲಿ ಪಾಲಕರ ಕೈ ಹಿಡಿದು ‘ಒಳ್ಳೆಯ ಸಂದೇಶ’ ಅನ್ನುತ್ತೇವೆ. ಮನೆಗೆ ಬಂದು ಊಟಕ್ಕೆ ಕೂತಾಗ ‘ಸ್ವಲ್ಪ ಉದ್ದ ಆಯಿತು’ ಅನ್ನುತ್ತೇವೆ. ಅಲ್ಲಿಗೆ ಮುಗಿಯಿತು.

ದೇವರ ವಾಕ್ಯವನ್ನು ತೂಗಲು ನಾವು ಯಾರು ಎಂದು ಕೇಳುವವರಿದ್ದಾರೆ. ಭಕ್ತಿಯಿಂದಲೇ ಕೇಳುತ್ತಾರೆ. ಆದರೆ ನಾವು ತೂಗುವುದು ವಾಕ್ಯವನ್ನಲ್ಲ, ವಾಕ್ಯದ ಹೆಸರಿನಲ್ಲಿ ಆಡಿದ ಮಾತನ್ನು. ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 17ನೆಯ ಅಧ್ಯಾಯದಲ್ಲಿ ಬೆರೋಯ ಎಂಬ ಊರಿನವರ ಕಥೆ ಬರುತ್ತದೆ. ಪೌಲನಂಥ ಪೌಲ ಬಂದು ಬೋಧಿಸಿದರೂ ಅವರು ಪ್ರತಿದಿನ ಶಾಸ್ತ್ರ ತೆರೆದು, ಈತ ಹೇಳುವುದು ಹೌದೋ ಅಲ್ಲವೋ ಎಂದು ನೋಡುತ್ತಿದ್ದರು. ಬರೆದವನು ಅವರನ್ನು ಅಧಿಕಪ್ರಸಂಗಿಗಳು ಎನ್ನಲಿಲ್ಲ, ಪಕ್ಕದ ಊರಿನವರಿಗಿಂತ ದೊಡ್ಡ ಮನಸ್ಸಿನವರು ಎಂದು ಹೊಗಳಿದ. ಅದೇ ಪೌಲ ಕೊರಿಂಥದ ಸಭೆಗೆ ಬರೆಯುವಾಗ ಆರಾಧನೆ ಹೇಗೆ ನಡೆಯಬೇಕೆಂದು ವಿವರಿಸುತ್ತಾ, ಇಬ್ಬರೋ ಮೂವರೋ ಪ್ರವಾದಿಸಲಿ, ಉಳಿದವರು ಅದನ್ನು ವಿವೇಚಿಸಲಿ ಎಂಬ ಅರ್ಥದ ಮಾತು ಹೇಳುತ್ತಾನೆ. ಅಂದರೆ ವಿವೇಚನೆ ಆರಾಧನೆ ಮುಗಿದ ಮೇಲೆ ಮಾಡುವ ಹೊರಗಿನ ಕೆಲಸವಲ್ಲ, ಹಾಡಿನ ಹಾಗೆ, ಪ್ರಾರ್ಥನೆಯ ಹಾಗೆ ಅದೂ ಆರಾಧನೆಯ ಒಂದು ಅಂಗ. ಬೆಂಚಿನ ಮೇಲೆ ಕೂತವರಿಗೂ ಆ ಹೊತ್ತಿನಲ್ಲಿ ಒಂದು ಕೆಲಸವಿದೆ.

ಈಚೆಗೆ ಒಂದು ಭಾನುವಾರ ನಾನು ಕೇಳಿದ ಪ್ರಸಂಗವೊಂದನ್ನು ಹೀಗೆ ತೂಗಿ ನೋಡಬೇಕೆನಿಸಿದೆ. ಊರು, ಹೆಸರು ಬೇಡ. ವಿಷಯ ‘ಆರಾಧನೆ ಮತ್ತು ಸಭಾಜೀವನ’. ಆಧಾರ ವಾಕ್ಯ ‘ಇಬ್ರಿಯರಿಗೆ ಬರೆದ ಪತ್ರಿಕೆ’ಯ 10ನೆಯ ಅಧ್ಯಾಯದ 25ನೆಯ ವಚನ. ಕೆಲವರು ರೂಢಿ ಮಾಡಿಕೊಂಡಿರುವಂತೆ ನಾವು ಸಭೆ ಕೂಡುವುದನ್ನು ಬಿಡಬಾರದು ಎಂಬುದು ಅದರ ಸಾರ. ಪಾಲಕರು 35 ನಿಮಿಷ ಮಾತಾಡಿದರು. ಎರಡನೆಯ ಗಂಟೆ ಹೊಡೆದ ಮೇಲೆ ಬರುವವರು, ಕ್ರಿಸ್ಮಸ್ಸಿಗೂ ಈಸ್ಟರಿಗೂ ಮಾತ್ರ ಮುಖ ತೋರಿಸುವವರು, ಮನೆಯ ಸೋಫಾದಲ್ಲಿ ಕೂತು ಯೂಟ್ಯೂಬಿನಲ್ಲಿ ಆರಾಧನೆ ನೋಡುವವರು, ಎಲ್ಲರಿಗೂ ಎಚ್ಚರಿಕೆ ಸಿಕ್ಕಿತು. ಕೊನೆಯಲ್ಲಿ ಕೆಂಡದ ದೃಷ್ಟಾಂತ ಬಂತು. ಒಲೆಯಲ್ಲಿ ಒಟ್ಟಿಗಿದ್ದಾಗ ಕೆಂಡ ನಿಗಿನಿಗಿ ಉರಿಯುತ್ತದೆ, ಒಂದನ್ನು ಹೊರಗಿಟ್ಟರೆ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ, ಸಭೆ ಬಿಟ್ಟವನ ಗತಿಯೂ ಅದೇ ಎಂದರು.

ಒಳ್ಳೆಯದನ್ನು ಮೊದಲು ಹೇಳಬೇಕು, ಏಕೆಂದರೆ ಅದು ನಿಜವಾಗಿ ಒಳ್ಳೆಯದಿತ್ತು. ಪಾಲಕರು ತಯಾರಿ ಮಾಡಿಕೊಂಡು ಬಂದಿದ್ದರು. ವಾಕ್ಯವನ್ನು ಅವಸರವಿಲ್ಲದೆ, ಒಂದೊಂದು ಪದಕ್ಕೂ ಜಾಗ ಕೊಟ್ಟು ಓದಿದರು. ಕನ್ನಡ ತಿಳಿಯಾಗಿತ್ತು. ತಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. ಖಾಲಿ ಬೆಂಚುಗಳ ಬಗ್ಗೆ ಅವರಿಗಿದ್ದ ದುಃಖ ನಾಟಕದ್ದಲ್ಲ. 2020ರ ಏಪ್ರಿಲ್ 12, ಈಸ್ಟರ್ ಭಾನುವಾರ, ದೇಶವೆಲ್ಲ ಬಾಗಿಲು ಹಾಕಿದ್ದಾಗ ಮುಚ್ಚಿದ ದೇವಾಲಯದೊಳಗೆ ಮೊಬೈಲಿನ ಎದುರು ನಿಂತು ಪುನರುತ್ಥಾನದ ಸುವಾರ್ತೆ ಸಾರಿದ ಪಾಲಕರು ಎಷ್ಟೋ ಮಂದಿ. ಆ ಶೂನ್ಯವನ್ನು ಕಂಡವರಿಗೆ ಒಂದು ಬೆಂಚು ತುಂಬುವುದೆಂದರೇನು ಎಂಬುದು ನಮಗಿಂತ ಚೆನ್ನಾಗಿ ಗೊತ್ತು.

ಆದರೂ ಆ ಪ್ರಸಂಗ ನನ್ನ ತಕ್ಕಡಿಯಲ್ಲಿ ಹಗುರವಾಯಿತು. ಯಾಕೆಂದು ವಿವರಿಸುತ್ತೇನೆ.

ಮೊದಲು ತೆಗೆದುಕೊಂಡ ವಾಕ್ಯವನ್ನೇ ನೋಡೋಣ. ಇಬ್ರಿಯರಿಗೆ ಬರೆದ ಪತ್ರಿಕೆ ಹೆಸರಿಗಷ್ಟೇ ಪತ್ರಿಕೆ. ಅದರ ಲೇಖಕ 13ನೆಯ ಅಧ್ಯಾಯದಲ್ಲಿ ತನ್ನ ಬರಹವನ್ನು ಎಚ್ಚರಿಕೆಯ, ಧೈರ್ಯ ತುಂಬುವ ಮಾತು ಎಂದು ಕರೆದುಕೊಳ್ಳುತ್ತಾನೆ. ಯೆಹೂದ್ಯರ ಸಭಾಮಂದಿರದಲ್ಲಿ ಧರ್ಮಶಾಸ್ತ್ರ ಓದಿಯಾದ ಮೇಲೆ ಮಾಡುವ ಉಪದೇಶಕ್ಕೂ ಅಪೊಸ್ತಲರ ಕೃತ್ಯಗಳಲ್ಲಿ ಇದೇ ಹೆಸರು. ಅಂದರೆ ಇದು ಬರೆದು ಕಳಿಸಿದ ಒಂದು ಪ್ರಸಂಗ. ಎದುರಿಗೆ ನಿಂತು ಮಾತಾಡಲಾಗದ ಒಬ್ಬ ಬೋಧಕ ದೂರದಲ್ಲಿರುವ ತನ್ನ ಜನರಿಗೆ ಓಲೆಯಲ್ಲಿ ಕಳಿಸಿದ ಆರಾಧನೆಯ ಮಾತು. ಪರದೆಯ ಮೇಲೆ ಸಂದೇಶ ಕೇಳುವವರನ್ನು ಈ ಪುಸ್ತಕ ಹಿಡಿದು ಬೈಯುವ ಮೊದಲು ಇದನ್ನು ನೆನೆಯಬೇಕಿತ್ತು. ಹಾಸಿಗೆ ಹಿಡಿದ ಎಷ್ಟೋ ಹಿರಿಯರಿಗೆ ಇವತ್ತು ಆ ಮೊಬೈಲೇ ಓಲೆ.

ಅದಕ್ಕಿಂತ ಮುಖ್ಯವಾದದ್ದು ವಾಕ್ಯದ ಕಟ್ಟಡ. ಗ್ರೀಕ್ ಮೂಲದಲ್ಲಿ 19ರಿಂದ 25ರವರೆಗಿನ ಏಳು ವಚನಗಳು ಸೇರಿ ಒಂದೇ ಉದ್ದ ವಾಕ್ಯ. ಓದುವ ಅನುಕೂಲಕ್ಕಾಗಿ ಅದನ್ನು ವಚನಗಳಾಗಿ ಒಡೆದದ್ದು ಎಷ್ಟೋ ಶತಮಾನಗಳ ನಂತರ. ಆ ವಾಕ್ಯ ಶುರುವಾಗುವುದು ಹಾಜರಿಯಿಂದಲ್ಲ, ಒಂದು ಪರದೆಯಿಂದ. ಯೆರೂಸಲೇಮಿನ ದೇವಾಲಯದಲ್ಲಿ ಅತಿಪರಿಶುದ್ಧ ಸ್ಥಳದ ಮುಂದೆ ತೆರೆ ಇರುತ್ತಿತ್ತು. ವರ್ಷಕ್ಕೊಂದು ದಿನ ಮಹಾಯಾಜಕ ಒಬ್ಬನೇ, ಬಲಿಯ ರಕ್ತ ಹಿಡಿದು, ಅದರೊಳಕ್ಕೆ ಹೋಗಬಹುದಿತ್ತು. ಉಳಿದವರೆಲ್ಲ ಹೊರಗೆ. ಯೇಸುವಿನ ಮರಣದಿಂದ ಆ ತೆರೆ ದಾರಿಯಾಯಿತು, ಇನ್ನು ಯಾರು ಬೇಕಾದರೂ ಒಳಗೆ ಹೋಗಬಹುದು ಎಂಬುದು ಲೇಖಕನ ಹರ್ಷದ ಸುದ್ದಿ. ಆದಕಾರಣ ಹತ್ತಿರ ಬರೋಣ, ಆದಕಾರಣ ನಿರೀಕ್ಷೆಯನ್ನು ಗಟ್ಟಿಯಾಗಿ ಹಿಡಿಯೋಣ, ಆದಕಾರಣ ಒಬ್ಬರನ್ನೊಬ್ಬರು ನೋಡಿಕೊಳ್ಳೋಣ ಎಂದು ವಾಕ್ಯ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೊನೆಯ ಮೆಟ್ಟಿಲಲ್ಲಿ ಸಭೆ ಕೂಡುವ ಮಾತಿಗೆ ಬರುತ್ತದೆ. ನಮ್ಮ ಪಾಲಕರು ಮೆಟ್ಟಿಲು ಬಿಟ್ಟು ಕೆಳಗಿನ ಹಾಸುಗಲ್ಲಿನ ಮೇಲೆ ನಿಂತು ಮಾತಾಡಿದರು. ಬಾಗಿಲು ತೆರೆದಿದೆ ಎಂಬ ಸುದ್ದಿ ಹೇಳದೆ, ಯಾಕೆ ಬರಲಿಲ್ಲ ಎಂದು ಕೇಳಿದರು. ಕೇಳುವವನಿಗೆ ಮೊದಲನೆಯದು ಕರೆ, ಎರಡನೆಯದು ವಿಚಾರಣೆ.

ಇನ್ನೊಂದು ಪದ ಇದೆ. ಅದರ ಹತ್ತಿರ ಹೋಗಿ ನೋಡಿದಾಗಿನಿಂದ ನನಗೆ ಈ ವಚನ ಬೇರೆಯಾಗಿ ಕೇಳುತ್ತಿದೆ. 24ನೆಯ ವಚನದಲ್ಲಿ ಪ್ರೀತಿಗೂ ಒಳ್ಳೆಯ ಕೆಲಸಕ್ಕೂ ಒಬ್ಬರನ್ನೊಬ್ಬರು ಪ್ರೇರೇಪಿಸಬೇಕು ಎಂದಿದೆ. ‘ಪ್ರೇರೇಪಿಸು’ ಎಂಬುದು ಸೌಮ್ಯವಾದ ಮಾತು. ಮೂಲದಲ್ಲಿರುವ ಪದ ‘ಪಾರೊಕ್ಸುಸ್ಮೊಸ್’. ಮುಳ್ಳಿನಿಂದ ಚುಚ್ಚಿದ ಹಾಗೆ ಕೆಣಕುವುದು, ಕೆರಳಿಸುವುದು. ಹೊಸ ಒಡಂಬಡಿಕೆಯಲ್ಲಿ ಆ ಪದ ಎರಡೇ ಸಲ ಬರುತ್ತದೆ. ಇನ್ನೊಂದು ಸಲ ಬರುವುದು ಪೌಲನಿಗೂ ಅವನ ಸಂಗಡಿಗ ಬಾರ್ನಬನಿಗೂ ತೀಕ್ಷ್ಣವಾದ ಜಗಳವಾಗಿ ಇಬ್ಬರೂ ಬೇರೆ ಬೇರೆ ದಾರಿ ಹಿಡಿದಾಗ. ಜಗಳಕ್ಕೆ ಬಳಸುವ ಆ ಖಾರದ ಪದವನ್ನು ಇಲ್ಲಿ ಪತ್ರಿಕೆಯ ಲೇಖಕ ಪ್ರೀತಿಗೆ ಜೋಡಿಸಿದ್ದಾನೆ. ಸಭೆ ಕೂಡುವುದು ಯಾಕೆಂದರೆ ಇದಕ್ಕೆ. ಒಬ್ಬನ ಕಷ್ಟ ಇನ್ನೊಬ್ಬನಿಗೆ ಚುಚ್ಚಬೇಕು, ಚುಚ್ಚಿ ಎಬ್ಬಿಸಬೇಕು, ಎದ್ದವನು ಹೋಗಿ ಏನಾದರೂ ಮಾಡಬೇಕು. ಒಬ್ಬರ ಬೆನ್ನು ನೋಡುತ್ತಾ ಇನ್ನೊಬ್ಬರು ಸಾಲಾಗಿ ಕೂತು ಎದ್ದು ಹೋಗುವ ನೂರು ಜನರ ಹಾಜರಿ ಈ ವಚನ ಕೇಳುವ ‘ಕೂಡುವಿಕೆ’ ಅಲ್ಲವೇ ಅಲ್ಲ.

ಹಾಗಾದರೆ ಆ ಕಾಲದಲ್ಲಿ ಸಭೆ ಬಿಟ್ಟ ‘ಕೆಲವರು’ ಯಾರು? ಪತ್ರಿಕೆ ಕಾರಣ ಬರೆದಿಲ್ಲ. ಆದರೆ ಅದೇ ಅಧ್ಯಾಯ ಸ್ವಲ್ಪ ಮುಂದೆ, 32ರಿಂದ 34ನೆಯ ವಚನದವರೆಗೆ, ಆ ಸಭೆಯ ಹಳೆಯ ದಿನಗಳನ್ನು ನೆನಪಿಸುತ್ತದೆ. ಅವರನ್ನು ಜನರ ಮುಂದೆ ಅವಮಾನಿಸಿದ್ದರು. ಆಸ್ತಿ ಸುಲಿಗೆಯಾಗಿತ್ತು. ಸೆರೆಮನೆಯಲ್ಲಿದ್ದವರ ಜೊತೆ ಅವರು ನಿಂತಿದ್ದರು. ಅಂಥ ಊರಿನಲ್ಲಿ ಸಭೆಗೆ ಹೋಗುವುದೆಂದರೆ ಕಣ್ಣಿಗೆ ಬೀಳುವುದು. ಬಿಟ್ಟವರಲ್ಲಿ ಸೋಮಾರಿಗಳೂ ಇದ್ದಿರಬಹುದು. ಹೆದರಿದವರು, ಸೋತವರು, ಮನೆ ಕಳೆದುಕೊಂಡವರು ಇದ್ದೇ ಇರುತ್ತಾರೆ. ಆ ಭಯದ ಮೇಲೆ ಮಮತೆಯಿಂದ ಬರೆದ ಮಾತನ್ನು ನಮ್ಮ ಭಾನುವಾರದ ನಿದ್ದೆಯ ಮೇಲೆ ಬೀಸಿದ್ದು ಪ್ರಸಂಗದ ದೊಡ್ಡ ಕೊರತೆ. ವಚನವನ್ನು ಗೂಟ ಮಾಡಿಕೊಂಡು ಮೊದಲೇ ಹೊಲಿದಿಟ್ಟ ಅಂಗಿಯನ್ನು ಅದಕ್ಕೆ ನೇತುಹಾಕಿದ ಹಾಗಾಯಿತು.

ಕೆಂಡದ ದೃಷ್ಟಾಂತವನ್ನು ನಾನು ಬಾಲ್ಯದಿಂದ ಕೇಳಿದ್ದೇನೆ. ಸೌದೆ ಒಲೆ ಉರಿಸಿ ಬೆಳೆದ ಮನೆಗಳವರಿಗೆ ಅದು ಕಣ್ಣಿಗೆ ಕಟ್ಟುತ್ತದೆ. ಆದರೆ ಕೆಂಡ ತಾನಾಗಿ ಒಲೆಯಿಂದ ಎದ್ದು ಹೊರಗೆ ನಡೆಯುವುದಿಲ್ಲ. ಯಾರೋ ಚಿಮುಟದಲ್ಲಿ ಹಿಡಿದು ತೆಗೆದಿರಬೇಕು, ಇಲ್ಲವೇ ಒಲೆ ತುಂಬಿ ತುಳುಕಿ ಅದು ಜಾರಿ ಬಿದ್ದಿರಬೇಕು. ದೃಷ್ಟಾಂತವನ್ನು ಈ ತುದಿಯವರೆಗೆ ಎಳೆದಿದ್ದರೆ ಪ್ರಸಂಗದ ದಿಕ್ಕೇ ತಿರುಗುತ್ತಿತ್ತು.

18ನೆಯ ಶತಮಾನದ ಕೊನೆಯಿಂದ ಸುಮಾರು 54 ವರ್ಷ ಕೇಂಬ್ರಿಜಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಪಾಲಕನಾಗಿದ್ದ ಚಾರ್ಲ್ಸ್ ಸಿಮಿಯನ್ ತನ್ನ ಪ್ರಸಂಗಗಳನ್ನು ಪರೀಕ್ಷಿಸಲು ಓದುಗರಿಗೆ ಮೂರು ಪ್ರಶ್ನೆ ಕೊಟ್ಟಿದ್ದ. ಇದು ಪಾಪಿಯನ್ನು ತಗ್ಗಿಸುತ್ತದೆಯೆ, ರಕ್ಷಕನನ್ನು ಎತ್ತುತ್ತದೆಯೆ, ಬದುಕನ್ನು ಪರಿಶುದ್ಧತೆಯ ಕಡೆಗೆ ನಡೆಸುತ್ತದೆಯೆ? ಈ ಮೂರು ಪ್ರಶ್ನೆಗಳನ್ನು ಆ ಭಾನುವಾರಕ್ಕೆ ಹಚ್ಚಿ ನೋಡಿದೆ. ಮೊದಲನೆಯದರಲ್ಲೇ ನಿಂತುಬಿಟ್ಟೆ. ಅಂದು ತಗ್ಗಿದವರು ಯಾರು? ಬಾರದವರು. ಅವರು ಅಲ್ಲಿ ಇರಲೇ ಇಲ್ಲ. ಇದ್ದ ನಾವು ನೂರು ಮಂದಿ ಬಂದಿದ್ದೇವಲ್ಲ ಎಂಬ ಸಮಾಧಾನದಿಂದ ಎದ್ದು ಹೋದೆವು. ಕೇಳುವವರನ್ನು ಬಿಟ್ಟು ಕೇಳದವರನ್ನು ಗದರಿಸುವ ಪ್ರಸಂಗ ಇದ್ದವರನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ, ಕಲ್ಲು ಗಟ್ಟಿಯಾಗುವ ಹಾಗೆ. ಸಿಮಿಯನ್‌ಗಿಂತ ಬಹಳ ಮೊದಲು, 5ನೆಯ ಶತಮಾನದಲ್ಲಿ, ಉತ್ತರ ಆಫ್ರಿಕದ ಬಿಷಪ್ ಅಗಸ್ತೀನ ಬೋಧಕನಿಗೆ ಮೂರು ಕೆಲಸ ಹೇಳಿದ್ದ: ತಿಳಿಸುವುದು, ಮೆಚ್ಚಿಸುವುದು, ಮನಸ್ಸನ್ನು ತಿರುಗಿಸುವುದು. ರೋಮಿನ ವಾಗ್ಮಿ ಸಿಸೆರೊನಿಂದ ಎತ್ತಿಕೊಂಡ ಮಾತು ಅದು. ನಮ್ಮ ಪಾಲಕರು ಎರಡನೆಯದರಲ್ಲಿ ಗೆದ್ದಿದ್ದರು.

ಉದ್ದದ ಬಗ್ಗೆ ಜನ ಹೆಚ್ಚು ಮಾತಾಡುತ್ತಾರೆ. ನನಗೆ ಅದು ದೊಡ್ಡ ವಿಷಯವಲ್ಲ. 2024ರಲ್ಲಿ ಪೋಪ್ ಫ್ರಾನ್ಸಿಸ್ ಯಾಜಕರಿಗೆ ಎಂಟು ನಿಮಿಷ ಮೀರಬೇಡಿ, ಜನ ನಿದ್ದೆ ಹೋಗುತ್ತಾರೆ ಎಂದರು. ತ್ರೋವದಲ್ಲಿ ಪೌಲ ಮಧ್ಯರಾತ್ರಿಯವರೆಗೆ ಮಾತಾಡಿದಾಗ ಕಿಟಕಿಯಲ್ಲಿ ಕೂತಿದ್ದ ಯುವಕನೊಬ್ಬ ತೂಕಡಿಸಿ ಮೂರನೆಯ ಅಂತಸ್ತಿನಿಂದ ಬಿದ್ದದ್ದನ್ನು ಬೈಬಲ್ಲೇ ದಾಖಲಿಸಿದೆ. ಆಗ ಪೌಲ ಮಾತು ನಿಲ್ಲಿಸಿ ಕೆಳಗಿಳಿದು ಆ ಹುಡುಗನನ್ನು ಅಪ್ಪಿಕೊಂಡ ಎಂಬುದನ್ನೂ ದಾಖಲಿಸಿದೆ. ನನಗೆ ಮುಖ್ಯವಾದದ್ದು ಆ ಕೆಳಗಿಳಿಯುವಿಕೆ.

ಈಗ ‘ಆರಾಧನೆ’ ಎಂಬ ಮಾತಿಗೆ ಬರೋಣ. ಚರ್ಚುಗಳಲ್ಲಿ ಆರಾಧನಾ ಕ್ರಮಕ್ಕೆ ಲಿಟರ್ಜಿ ಎನ್ನುತ್ತಾರಲ್ಲ, ಅದರ ಬೇರು ‘ಲೈತೂರ್ಗಿಯ’ ಎಂಬ ಗ್ರೀಕ್ ಪದ. ಊರಿಗಾಗಿ ಮಾಡುವ ಸೇವೆ ಎಂದು ಅದರ ಹಳೆಯ ಅರ್ಥ. ಯೆರೂಸಲೇಮಿನ ಬಡವರಿಗಾಗಿ ಪೌಲ ಗ್ರೀಸಿನ ಸಭೆಗಳಲ್ಲಿ ಹಣ ಕೂಡಿಸಿದಾಗ, ಆ ಚಂದಾ ವಸೂಲಿಗೆ ಅವನು ಬಳಸಿದ್ದು ಇದೇ ಪದವನ್ನು. ಇಬ್ರಿಯರಿಗೆ ಬರೆದ ಪತ್ರಿಕೆಯೂ ತನ್ನ ಕೊನೆಯ ಅಧ್ಯಾಯದಲ್ಲಿ ಉಪಕಾರ ಮಾಡುವುದನ್ನೂ ಇದ್ದದ್ದನ್ನು ಹಂಚಿಕೊಳ್ಳುವುದನ್ನೂ ದೇವರಿಗೆ ಪ್ರಿಯವಾದ ಯಜ್ಞ ಎಂದಿದೆ. ಹಾಡು, ಪ್ರಾರ್ಥನೆ, ಪ್ರಸಂಗ ಒಂದು ಕಡೆ, ಅಕ್ಕಿ ಬೇಳೆ ಔಷಧಿ ಇನ್ನೊಂದು ಕಡೆ ಎಂಬ ಗೋಡೆ ಇವುಗಳನ್ನು ಬರೆದವರಿಗೆ ಗೊತ್ತೇ ಇರಲಿಲ್ಲ. ಹಾಗಾಗಿ ಆರಾಧನೆಯ ಬಗ್ಗೆ ಮಾಡುವ ಪ್ರಸಂಗದಲ್ಲಿ ಸಭಾಜೀವನ ಎರಡನೆಯ ಭಾಗವಾಗಿ, ಸಮಯ ಉಳಿದರೆ ಹೇಳುವ ಮಾತಾಗಿ ಬರಬಾರದು. ಅಂದು ಬಂದದ್ದು ಹಾಗೆ. ಕೊನೆಯ ನಾಲ್ಕು ನಿಮಿಷ.

ಕ್ರಿಸ್ತಶಕ 155ರ ಸುಮಾರಿಗೆ ರೋಮಿನಲ್ಲಿದ್ದ ಜಸ್ಟಿನ್ ಎಂಬ ತತ್ವಶಾಸ್ತ್ರಿ ಕ್ರೈಸ್ತರ ಮೇಲಿನ ಆಪಾದನೆಗಳಿಗೆ ಉತ್ತರವಾಗಿ ಚಕ್ರವರ್ತಿಗೆ ಒಂದು ಸಮರ್ಥನೆ ಬರೆದ. ಭಾನುವಾರದ ಆರಾಧನೆಯ ಬಗ್ಗೆ ನಮಗೆ ಸಿಕ್ಕಿರುವ ಅತಿ ಹಳೆಯ ವಿವರಣೆಗಳಲ್ಲಿ ಅದೊಂದು. ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಸೇರುತ್ತಾರೆ. ಅಪೊಸ್ತಲರ ನೆನಪುಗಳನ್ನೂ ಪ್ರವಾದಿಗಳ ಬರಹಗಳನ್ನೂ ಸಮಯವಿದ್ದಷ್ಟು ಹೊತ್ತು ಓದುತ್ತಾರೆ. ಸಭೆ ನಡೆಸುವವನು ಓದಿದ್ದನ್ನು ಬಾಳಬೇಕೆಂದು ಉಪದೇಶಿಸುತ್ತಾನೆ. ಎಲ್ಲರೂ ಎದ್ದು ಪ್ರಾರ್ಥಿಸುತ್ತಾರೆ. ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚುತ್ತಾರೆ. ಇಲ್ಲಿಯವರೆಗೆ ಇಂದಿನ ಯಾವ ಸಭೆಗೂ ಪರಿಚಿತ ಕ್ರಮ. ಮುಂದಿನ ಸಂಗತಿ ಓದಿದಾಗ ನಾನು ಪುಸ್ತಕ ಮಡಚಿಟ್ಟು ಸುಮ್ಮನೆ ಕೂತೆ. ಅಂದು ಬಾರದವರಿಗೆ ಅವರ ಪಾಲನ್ನು ಸೇವಕರು ಮನೆಗೆ ತೆಗೆದುಕೊಂಡು ಹೋಗುತ್ತಿದ್ದರು. ಉಳ್ಳವರು ಕೊಟ್ಟ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಪರಊರಿನಿಂದ ಬಂದವರಿಗೆ, ಸೆರೆಯಲ್ಲಿದ್ದವರಿಗೆ ಹೋಗುತ್ತಿತ್ತು.

ಬಾರದವರಿಗೂ ಒಂದು ಪಾಲು ಇರುತ್ತಿತ್ತು. ಯಾರು ಬಂದಿಲ್ಲ ಎಂದು ಅವರು ಎಣಿಸುತ್ತಿದ್ದದ್ದು ರೊಟ್ಟಿ ಎಷ್ಟು ಮನೆಗೆ ಒಯ್ಯಬೇಕು ಎಂದು ತಿಳಿಯಲು.

ಸುಮ್ಮನೆ ಸೇರಿದರೆ ಒಳ್ಳೆಯದೇ ಆಗುತ್ತದೆ ಎಂಬ ಭರವಸೆಯನ್ನೂ ಬೈಬಲ್ ಕೊಡುವುದಿಲ್ಲ. ಕೊರಿಂಥದ ಸಭೆಗೆ ಪೌಲ ನೇರವಾಗಿ ಹೇಳಿದ, ನೀವು ಕೂಡುವುದರಿಂದ ಕೇಡೇ ಆಗುತ್ತಿದೆ ಎಂದು. ಅಲ್ಲಿ ಕರ್ತನ ಭೋಜನದ ಹೆಸರಿನಲ್ಲಿ ಉಳ್ಳವರು ಮೊದಲೇ ತಿಂದು ಕುಡಿದು ಮುಗಿಸುತ್ತಿದ್ದರು, ದುಡಿದು ತಡವಾಗಿ ಬಂದ ಬಡವರು ಹಸಿದು ಕೂತಿರುತ್ತಿದ್ದರು. ಯಾಕೋಬನ ಪತ್ರಿಕೆಯಲ್ಲಿ ಚಿನ್ನದ ಉಂಗುರದವನಿಗೆ ಒಳ್ಳೆಯ ಆಸನ, ಹರಕು ಬಟ್ಟೆಯವನಿಗೆ ಕಾಲಬುಡದ ನೆಲ. ನಮ್ಮ ದಕ್ಷಿಣ ಭಾರತದ ಸಭೆಗಳಲ್ಲಿ ಉಂಗುರದ ಜಾಗಕ್ಕೆ ಜಾತಿ ಬಂದು ಕೂತಿತು. ತಂಜಾವೂರು, ಮದ್ರಾಸಿನ ವೇಪೇರಿಯ ಸಭೆಗಳಲ್ಲಿ ಬೇರೆ ಬೇರೆ ಕೂರುವುದು, ಕರ್ತನ ಭೋಜನದ ಪಾತ್ರೆಯಲ್ಲಿ ಯಾರು ಮೊದಲು ಕುಡಿಯಬೇಕೆಂಬ ಹಟ ಎಷ್ಟು ಬೇರುಬಿಟ್ಟಿತ್ತೆಂದರೆ 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಜಾತಿಭೇದವನ್ನು ಸಭೆಯೊಳಗೆ ಈ ಕೂಡಲೇ ಬಿಡಬೇಕೆಂದು ಪತ್ರ ಕಳಿಸಿದರು. ಅದನ್ನು ಸಭೆಯಲ್ಲಿ ಓದಿದ ಮೇಲೆ ಬಹಳ ಜನ ಎದ್ದು ಹೊರಗೆ ಹೋದರು. ಬೆಂಚು ಖಾಲಿಯಾಗುತ್ತದೆಂದು ಗೊತ್ತಿದ್ದೂ ಆಡಬೇಕಾದ ಮಾತುಗಳಿವೆ. ಹಾಜರಿಯೊಂದನ್ನೇ ಅಳತೆಗೋಲು ಮಾಡಿಕೊಂಡ ಪ್ರಸಂಗ ಆ ಮಾತುಗಳನ್ನು ಆಡಲಾರದು.

ಪ್ರಸಂಗ ಆರಾಧನೆಯ ಅಂಗವೆಂಬುದನ್ನು ಆರಾಧನಾ ಕ್ರಮಗಳೂ ಹೇಳುತ್ತವೆ. ಕಥೊಲಿಕರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಉಪದೇಶವನ್ನು ಪೂಜೆಯದೇ ಒಂದು ಭಾಗವೆಂದು ಸಾರಿ, ಭಾನುವಾರಗಳಲ್ಲಿ ಗಂಭೀರ ಕಾರಣವಿಲ್ಲದೆ ಬಿಡಬಾರದೆಂದಿತು. ಪ್ರಾಟೆಸ್ಟೆಂಟರಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ರೂಪುಗೊಂಡು, 1950ರಲ್ಲಿ ಕರ್ತನ ಭೋಜನದ ಹೊಸ ಕ್ರಮವನ್ನು ತಂದಿತು. ಅದರಲ್ಲಿ ಒಂದು ಸುಂದರವಾದ ಸಂಗತಿ ಇದೆ. ವೇದಪಾಠಗಳಾದ ಮೇಲೆ ಪ್ರಸಂಗ, ನಂತರ ವಿಶ್ವಾಸ ಪ್ರಮಾಣ, ಪ್ರಾರ್ಥನೆ, ಆಮೇಲೆ ‘ಶಾಂತಿ’. ಕೇರಳದ ಸುರಿಯಾನಿ ಕ್ರೈಸ್ತರ ಹಳೆಯ ಪದ್ಧತಿಯಿಂದ ಬಂದದ್ದು. ಮೇಜಿನ ಬಳಿಯಿಂದ ಪಾಲಕರು ಶಾಂತಿಯನ್ನು ಕೊಡುತ್ತಾರೆ, ಅದು ಕೈಯಿಂದ ಕೈಗೆ, ಬೆಂಚಿನಿಂದ ಬೆಂಚಿಗೆ, ಕೊನೆಯ ಸಾಲಿನವರೆಗೆ ಹೋಗಬೇಕು. ಒಬ್ಬರ ಜೋಡಿಸಿದ ಅಂಗೈಗಳು ಇನ್ನೊಬ್ಬರ ಅಂಗೈಗಳ ನಡುವೆ. ಪ್ರಸಂಗವನ್ನು ತೂಗಲು ಇದಕ್ಕಿಂತ ಹತ್ತಿರದ ತಕ್ಕಡಿ ನನಗೆ ಕಾಣದು. ಹತ್ತು ನಿಮಿಷದ ಹಿಂದೆ ಕೇಳಿದ ಮಾತು ಈಗ ಕೈಗೆ ಇಳಿಯಿತೆ? ಯಾರ ಕೈ ಹಿಡಿದೆ, ಯಾರ ಕೈ ತಪ್ಪಿಸಿದೆ?

ಅಂದು ಶಾಂತಿ ನಮ್ಮ ಬೆಂಚಿಗೆ ಬಂದಾಗ ನಾನು ಹಿಂದಕ್ಕೆ ತಿರುಗಿದೆ. ಹಿಂದಿನ ಸಾಲಿನಲ್ಲಿ ಕಿಟಕಿಯ ಪಕ್ಕದ ಜಾಗ ಖಾಲಿ ಇತ್ತು. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ಒಬ್ಬರು ವಯಸ್ಸಾದ ತಾಯಿ ವರ್ಷಾನುವರ್ಷ ಕೂರುತ್ತಿದ್ದ ಜಾಗ. ಎಲೆ ಕತ್ತರಿಸಿ, ತಂಬಾಕು ಹಾಕಿ, ನೂಲು ಸುತ್ತಿ ಸುತ್ತಿ ಬೆರಳ ತುದಿ ನುಣುಪಾಗಿಹೋಗಿದ್ದ ಆ ಕೈಯನ್ನು ಪ್ರತಿ ಸಲ ಹಿಡಿಯುತ್ತಿದ್ದೆ. ಮೂರು ತಿಂಗಳಿಂದ ಅವರು ಬಂದಿರಲಿಲ್ಲ. ನಾನು ಒಮ್ಮೆಯೂ ಕೇಳಿರಲಿಲ್ಲ.

ಸಂಜೆ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂತಿದ್ದರು, ಮಡಿಲಲ್ಲಿ ಬೀಡಿಯ ಮೊರ ಇರಲಿಲ್ಲ. ಕೂರಲು ಹೇಳಿ, ತುಳುವಿನಲ್ಲಿ ಮೊದಲು ಕೇಳಿದ್ದೇ, ಇವತ್ತು ಪ್ರಸಂಗ ಯಾವುದರ ಮೇಲೆ ಎಂದು. ಅಧ್ಯಾಯ ಹೇಳಿದೆ. ಪಾಲಕರು ಏನೆಂದರು ಎಂಬುದನ್ನು ಹೇಳಲು ನಾಲಿಗೆ ಬರಲಿಲ್ಲ. ಅವರು ಒಳಗೆ ಹೋಗಿ ದೊಡ್ಡ ಅಕ್ಷರದ ಬೈಬಲ್ ತಂದು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದರು. 25ನೆಯ ವಚನದಲ್ಲಿ ನಿಲ್ಲಲಿಲ್ಲ. ಅದು ಅಲ್ಲಿಗೆ ಮುಗಿಯುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲವಲ್ಲ. ಓದುತ್ತಾ ಓದುತ್ತಾ 34ಕ್ಕೆ ಬಂದು, ಸೆರೆಯಲ್ಲಿದ್ದವರಿಗಾಗಿ ಮರುಗಿದವರ ಮಾತಿನ ಹತ್ತಿರ ಬೆರಳು ನಿಂತಿತು.

“ಮಗ ಒಳಗಿದ್ದಾನೆ, ಗೊತ್ತುಂಟಲ್ಲ?” ಎಂದರು.

ನನಗೆ ಗೊತ್ತಿರಲಿಲ್ಲ. ಅವನು ಲೆಕ್ಕ ಬರೆಯುತ್ತಿದ್ದ ಕಡೆ ಹಣದ ತೊಡಕಾಗಿ ಪ್ರಕರಣ ಕೋರ್ಟಿನಲ್ಲಿದೆ, ಜಾಮೀನು ಸಿಕ್ಕಿಲ್ಲ. ಚರ್ಚಿಗೆ ಬಂದರೆ ಜನ ಕೇಳುತ್ತಾರೆ, ಕೇಳದಿದ್ದರೆ ನೋಡುತ್ತಾರೆ. “ಕೇಳಿದರೂ ಕಷ್ಟ, ಕೇಳದಿದ್ದರೂ ಕಷ್ಟ. ಅದಕ್ಕೆ ಇಲ್ಲಿಯೇ ಓದಿಕೊಳ್ಳುತ್ತೇನೆ.” ಒಬ್ಬರೇ ಬಸ್ಸು ಹಿಡಿದು, ಆಧಾರ್ ಕಾರ್ಡ್ ಹಿಡಿದು ಸಾಲಿನಲ್ಲಿ ನಿಂತು, ಹತ್ತು ನಿಮಿಷ ಮಗನ ಮುಖ ನೋಡಿ ಬರುತ್ತಾರೆ. ಇದನ್ನೆಲ್ಲ ಬರೆಯಬಹುದೆ ಎಂದು ಕೇಳಿದೆ. ಹೆಸರು ಹಾಕದಿದ್ದರೆ ಬರೆಯಿರಿ ಎಂದರು.

ಪ್ರಸಂಗದ ವಿಮರ್ಶೆಯನ್ನು ಪ್ರಸಂಗ ಮಾಡಿದವರಿಗೆ ಹೇಳದೆ ಪತ್ರಿಕೆಯಲ್ಲಿ ಬರೆಯುವುದು ಸರಿಯಲ್ಲ. ಎರಡು ದಿನ ಬಿಟ್ಟು ಪಾಲಕರ ಮನೆಗೆ ಹೋದೆ. ಮೇಲೆ ಬರೆದ ಪರದೆ, ಮೆಟ್ಟಿಲು, ಕೆಂಡ, ಜಸ್ಟಿನ್ ಎಲ್ಲವನ್ನೂ ಹೇಳಿದೆ. ಅವರು ಒಂದೆರಡು ಕಡೆ ವಾದಿಸಿದರು. ಸಭೆಗೆ ಬಾರದವರಲ್ಲಿ ನಿಜವಾದ ಸೋಮಾರಿಗಳೂ ಇದ್ದಾರೆ, ಅವರಿಗೆ ಯಾರು ಹೇಳಬೇಕು ಎಂದರು. ಅದು ನ್ಯಾಯವಾದ ಪ್ರಶ್ನೆ, ನಾನು ಒಪ್ಪಿದೆ. ಆಮೇಲೆ ಕಿಟಕಿಯ ಪಕ್ಕದ ಜಾಗದ ವಿಷಯ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮೇಜಿನ ಮೇಲಿದ್ದ ಡೈರಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಆ ವಾರದ ಹಾಳೆ ತೆಗೆದರು.

“ಭೇಟಿಗೆ ಯಾವ ದಿನ ಬಿಡುತ್ತಾರಂತೆ?” ಎಂದು ಕೇಳಿದರು.